ಉಬ್ಬಸ ಇಲ್ಲದ ದಿನವೂ ಅಸ್ತಮಾ ಇರುತ್ತದೆ: ಮನೆಯ ನೆಬುಲೈಜರ್, ಪಂಪು ಮತ್ತು ಮಕ್ಕಳ ಉಸಿರು

ಔಷಧಿಯನ್ನು ಮಂಜು ಮಾಡಿ ಉಸಿರಿಗೆ ಕೊಡುವ ನೆಬುಲೈಜರ್ ಹಾಕಿದ ಮೇಲೆ ಮಗು ಆರಾಮಾಗಿ ಮಲಗಿತು ಎಂದರೆ ಆವತ್ತಿನ ಕಷ್ಟ ಮುಗಿಯಿತು. ಅಸ್ತಮಾ ಮುಗಿಯಲಿಲ್ಲ. ಇಷ್ಟು ಮಾತು ಮನೆಯವರಿಗೆಲ್ಲ ಮನದಟ್ಟಾದರೆ ಎಷ್ಟೋ ಮಕ್ಕಳು ಆಸ್ಪತ್ರೆ ಮೆಟ್ಟಿಲು ಹತ್ತುವುದು ತಪ್ಪುತ್ತದೆ. ಆದರೆ ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಚಿಕಿತ್ಸೆ ಶುರುವಾಗುವುದು ಎದೆಯಲ್ಲಿ ಗೊರ ಗೊರ ಸದ್ದು ಕೇಳಿದಾಗ. ಸದ್ದು ನಿಂತ ಕೂಡಲೇ ಚಿಕಿತ್ಸೆಯೂ ನಿಲ್ಲುತ್ತದೆ.

ಈಗ ನೆಬುಲೈಜರ್ ಅಪರೂಪದ ಯಂತ್ರ ಏನಲ್ಲ. ಪೇಟೆ ಮನೆಗಳಲ್ಲಿ ಬಿಡಿ, ತಾಲ್ಲೂಕು ಕೇಂದ್ರಗಳ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ರೆಸ್ಪ್ಯೂಲ್ ಎಂಬ ಪುಟ್ಟ ಪ್ಲಾಸ್ಟಿಕ್ ಶೀಶೆಯ ತುದಿ ತಿರುಚಿ ಔಷಧಿ ಸುರಿಯುವುದು ಅಜ್ಜಿಯರಿಗೂ ಗೊತ್ತು. ಇದು ಒಳ್ಳೆಯದೇ. ರಾತ್ರಿ ಎರಡು ಗಂಟೆಗೆ ಆಟೋ ಹುಡುಕುವ ಕಷ್ಟ ತಪ್ಪಿದೆ. ತೊಂದರೆ ಎಲ್ಲಿ ಅಂದರೆ, ಶೀತ ಆದರೂ ನೆಬುಲೈಜರ್, ಕೆಮ್ಮಿದರೂ ನೆಬುಲೈಜರ್ ಎಂಬ ಅಭ್ಯಾಸ ಬೆಳೆದುಬಿಟ್ಟಿದೆ. ಪ್ರತಿದಿನ ಬೇಕಾದ ಔಷಧಿ ಮಾತ್ರ ಕಪಾಟಿನಲ್ಲೇ ಉಳಿಯುತ್ತದೆ.

2019ರ ಜಾಗತಿಕ ರೋಗಭಾರ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಜನರಿಗೆ ಅಸ್ತಮಾ ಇದೆ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ನಮ್ಮವರು ಶೇ. 13ರಷ್ಟು. ಆದರೆ ಅಸ್ತಮಾದಿಂದ ಆಗುವ ಸಾವುಗಳಲ್ಲಿ ನಮ್ಮ ಪಾಲು ಶೇ. 40ಕ್ಕಿಂತ ಜಾಸ್ತಿ. ಔಷಧಿ ಇಲ್ಲದ ದೇಶವಲ್ಲ ನಮ್ಮದು. ನಾವು ಪಂಪು ಎನ್ನುವ ಇನ್ಹೇಲರ್ ಇಲ್ಲೇ ತಯಾರಾಗುತ್ತದೆ, ಹೊರದೇಶಕ್ಕೂ ಹೋಗುತ್ತದೆ. ಹಾಗಿದ್ದೂ ಈ ಲೆಕ್ಕ ಇಷ್ಟು ಕೆಟ್ಟದಾಗಿರುವುದು ನನ್ನನ್ನು ಬಹಳ ಕಾಡುತ್ತದೆ.

ಎದೆಯೊಳಗೆ ಏನಾಗುತ್ತದೆ

ಗಂಟಲಿನಿಂದ ಕೆಳಗೆ ಇಳಿದ ಶ್ವಾಸನಾಳ ಎರಡಾಗಿ, ಮತ್ತೆ ಎರಡಾಗಿ, ಮರದ ರೆಂಬೆಗಳಂತೆ ಕವಲೊಡೆಯುತ್ತಾ ಹೋಗುತ್ತದೆ. ಕೊನೆಕೊನೆಯ ಕೊಳವೆಗಳು ಒಂದು ಮಿಲಿಮೀಟರ್‌ಗಿಂತಲೂ ಸಣ್ಣವು. ಅಸ್ತಮಾ ಇರುವವರಲ್ಲಿ ಈ ಕೊಳವೆಗಳ ಒಳಗೋಡೆ ಸದಾ ಸ್ವಲ್ಪ ಊದಿಕೊಂಡಿರುತ್ತದೆ. ಕೆಂಪಾಗಿರುತ್ತದೆ. ಸಣ್ಣ ಕಾರಣಕ್ಕೂ ಕೆರಳುತ್ತದೆ. ಇದೇ ರೋಗದ ಬೇರು.

ಧೂಳು, ಹೊಗೆ, ನೆಗಡಿಯ ವೈರಸ್ ಅಥವಾ ತಣ್ಣನೆ ಗಾಳಿ ತಾಗಿದಾಗ ಮೂರು ಸಂಗತಿ ಒಟ್ಟಿಗೆ ನಡೆಯುತ್ತವೆ. ಕೊಳವೆಯ ಸುತ್ತ ಇರುವ ಸ್ನಾಯು ಬಿಗಿಯುತ್ತದೆ. ಒಳಗೋಡೆಯ ಊತ ಹೆಚ್ಚಾಗುತ್ತದೆ. ಅಂಟಂಟಾದ ಕಫ ತುಂಬಿಕೊಳ್ಳುತ್ತದೆ. ನೆಬುಲೈಜರ್‌ನಲ್ಲಿ ಹಾಕುವ ಸಲ್ಬುಟಮಾಲ್ ಎಂಬ ಔಷಧಿ ಕೊಟ್ಟಾಗ ಸಡಿಲ ಆಗುವುದು ಮೊದಲನೆಯದು ಮಾತ್ರ. ಸ್ನಾಯುವಿನ ಬಿಗಿತ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ, ಉಸಿರು ಸರಾಗ ಆಗುತ್ತದೆ. ಊತ ಮತ್ತು ಕಫ ಅಲ್ಲೇ ಇರುತ್ತವೆ. ಅದಕ್ಕೇ ನಾಲ್ಕೈದು ಗಂಟೆ ಕಳೆದು ಔಷಧಿಯ ಶಕ್ತಿ ಇಳಿದಾಗ ಮತ್ತೆ ಉಬ್ಬಸ ಬರುವುದು.

ಅಸ್ತಮಾದಲ್ಲಿ ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದೇ ಕಷ್ಟ. ಉಸಿರು ಬಿಡುವಾಗ ಕೊಳವೆಗಳು ಸಹಜವಾಗಿಯೇ ಸ್ವಲ್ಪ ಕಿರಿದಾಗುತ್ತವೆ. ಮೊದಲೇ ಕಿರಿದಾಗಿದ್ದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಎದೆ ಉಬ್ಬಿದ ಹಾಗೇ ಇರುತ್ತದೆ. ಹೊಸ ಗಾಳಿಗೆ ಒಳಗೆ ಜಾಗವೇ ಇರುವುದಿಲ್ಲ. ಆ ಇಕ್ಕಟ್ಟಿನ ದಾರಿಯಲ್ಲಿ ಗಾಳಿ ನುಗ್ಗುವ ಸದ್ದನ್ನೇ ನಾವು ಗೂರಲು ಎನ್ನುತ್ತೇವೆ, ಈಗಿನ ಅಪ್ಪ ಅಮ್ಮಂದಿರು ವೀಜಿಂಗ್ ಎನ್ನುತ್ತಾರೆ.

ಬೆಳಗಿನ ಜಾವವೇ ಯಾಕೆ ಹೆಚ್ಚು? ರಾತ್ರಿಯಲ್ಲಿ ಊತ ಇಳಿಸುವ ದೇಹದ ಸ್ವಂತ ಹಾರ್ಮೋನ್ ಕಾರ್ಟಿಸಾಲ್ ಕಡಿಮೆ ಇರುತ್ತದೆ. ಶ್ವಾಸನಾಳವನ್ನು ಬಿಗಿಗೊಳಿಸುವ ನರದ ಪ್ರಭಾವ ಹೆಚ್ಚಿರುತ್ತದೆ. ಹಾಸಿಗೆಯಲ್ಲಿರುವ ಧೂಳುಹುಳ ಮೂಗಿಗೆ ಹತ್ತಿರದಲ್ಲೇ ಇರುತ್ತದೆ. ಹಗಲು ಚೆನ್ನಾಗಿ ಆಡಿಕೊಂಡಿದ್ದ ಮಗು ರಾತ್ರಿ ಮೂರೂವರೆಗೆ ಎದ್ದು ಕೂತು ಕೆಮ್ಮಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೆಲವು ಮಕ್ಕಳಲ್ಲಿ ಸದ್ದೇ ಇರುವುದಿಲ್ಲ, ರಾತ್ರಿಯ ಒಣಕೆಮ್ಮೇ ಮುಖ್ಯ ಲಕ್ಷಣ.

ಸಣ್ಣ ಮಕ್ಕಳಲ್ಲಿ ಉಬ್ಬಸ ಬಂದದ್ದೆಲ್ಲ ಅಸ್ತಮಾ ಅಲ್ಲ. ಎರಡು ವರ್ಷದ ಮಗುವಿನ ಶ್ವಾಸನಾಳ ಎಷ್ಟು ಸಪೂರ ಎಂದರೆ, ಒಂದು ನೆಗಡಿಯ ಊತವೇ ಸಾಕು ಸದ್ದು ಬರಲು. ಶ್ವಾಸಕೋಶದ ಶಕ್ತಿ ಅಳೆಯುವ ಸ್ಪೈರೋಮೆಟ್ರಿಯನ್ನು ಐದಾರು ವರ್ಷಕ್ಕೆ ಮುಂಚೆ ಸರಿಯಾಗಿ ಮಾಡಿಸಲು ಆಗುವುದಿಲ್ಲ. ಹಾಗಾಗಿ ಡಾಕ್ಟರು 'ನೋಡೋಣ' ಎಂದರೆ ಅದು ನುಣುಚಿಕೊಳ್ಳುವ ಮಾತಲ್ಲ. ಅಪ್ಪ ಅಥವಾ ಅಮ್ಮನಿಗೆ ಅಸ್ತಮಾ ಇದೆಯೇ, ಮಗುವಿಗೆ ಎಕ್ಸಿಮಾ ಎಂಬ ತುರಿಕೆಯ ಚರ್ಮರೋಗ ಅಥವಾ ಅಲರ್ಜಿ ಇದೆಯೇ, ನೆಗಡಿ ಇಲ್ಲದೆಯೂ ನಕ್ಕಾಗ, ಓಡಿದಾಗ, ಅತ್ತಾಗ ಕೆಮ್ಮು ಬರುತ್ತದೆಯೇ ಎಂದು ಅವರು ಕೇಳುತ್ತಾರೆ. ಇವಕ್ಕೆ ಹೌದು ಎಂಬ ಉತ್ತರ ಜಾಸ್ತಿ ಬಂದಷ್ಟೂ ಅಸ್ತಮಾ ಇರುವ ಸಾಧ್ಯತೆ ಹೆಚ್ಚು. ನೆಗಡಿಯ ಜೊತೆ ಮಾತ್ರ ಉಬ್ಬಸ ಬರುವ ಬಹಳಷ್ಟು ಮಕ್ಕಳಿಗೆ ಶಾಲೆಗೆ ಹೋಗುವ ವಯಸ್ಸಿಗೆ ಅದು ನಿಂತುಹೋಗುತ್ತದೆ.

ಎರಡು ಔಷಧಿ, ಎರಡು ಕೆಲಸ

ಮನೆಯಲ್ಲಿರುವ ಅಸ್ತಮಾ ಔಷಧಿಗಳನ್ನು ಒಂದು ಸಲ ಮೇಜಿನ ಮೇಲೆ ಹರಡಿ ನೋಡಿ. ಅವು ಹೆಚ್ಚುಕಡಿಮೆ ಎರಡು ಗುಂಪಾಗುತ್ತವೆ. ಸಲ್ಬುಟಮಾಲ್, ಲಿವೊಸಲ್ಬುಟಮಾಲ್ ತಕ್ಷಣ ಆರಾಮ ಕೊಡುವಂಥವು. ಬುಡೆಸೊನೈಡ್, ಫ್ಲೂಟಿಕಾಸೋನ್, ಬೆಕ್ಲೊಮೆಥಸೋನ್ ಊತ ಇಳಿಸುವ ಸ್ಟೀರಾಯ್ಡ್‌ಗಳು, ಅಂದರೆ ತಡೆಯುವಂಥವು. ಅಸ್ತಾಲಿನ್, ಲಿವೊಲಿನ್ ಎಂದು ನಾವು ಕರೆಯುವುದು ಮೊದಲನೇ ಗುಂಪು. ಬುಡೆಕಾರ್ಟ್ ಎರಡನೇ ಗುಂಪು.

ಮೊದಲನೇ ಗುಂಪಿನ ಗುಣ ಕಣ್ಣಿಗೆ ಕಾಣುತ್ತದೆ. ಎರಡನೆಯದರ ಗುಣ ಕಾಣುವುದಿಲ್ಲ. ಎಳೆದುಕೊಂಡ ಕೂಡಲೇ ಏನೂ ಅನ್ನಿಸುವುದಿಲ್ಲ. ಪೂರ್ತಿ ಫಲ ಸಿಗಲು ವಾರಗಳು ಬೇಕು. ಒಂದು ದಿನ ಬಿಟ್ಟರೂ ಏನೂ ಆಗುವುದಿಲ್ಲ, ಒಂದು ವಾರ ಬಿಟ್ಟರೂ ಏನೂ ಆಗದಿರಬಹುದು. ಆಮೇಲೆ ಮೃಗಶಿರಾ ಮಳೆ ಹಿಡಿದಾಗಲೋ ಶಾಲೆ ಶುರುವಾಗಿ ಹತ್ತು ಮಕ್ಕಳ ನೆಗಡಿ ಮನೆಗೆ ಬಂದಾಗಲೋ ಒಮ್ಮೆಲೇ ತೊಂದರೆ ಆಗುತ್ತದೆ. ಆಗ ನಾವು ಮಳೆಯನ್ನು ದೂರುತ್ತೇವೆ. ಬಿಟ್ಟ ಔಷಧಿಯ ನೆನಪು ಆಗುವುದಿಲ್ಲ.

ಬರೀ ಆರಾಮದ ಔಷಧಿಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನೋವಿನ ಇತಿಹಾಸ ಇದೆ. 1960ರ ದಶಕದಲ್ಲಿ ಬ್ರಿಟನ್‌ನಲ್ಲಿ ಹೆಚ್ಚು ಡೋಸಿನ ಐಸೊಪ್ರಿನಲಿನ್ ಎಂಬ ಆರಾಮದ ಔಷಧಿಯ ಪಂಪು ಬಂತು. ಯುವಕರು, ಮಕ್ಕಳು ಅಸ್ತಮಾದಿಂದ ಸಾಯುವುದು ಏಕಾಏಕಿ ಹೆಚ್ಚಾಯಿತು. 1970ರ ದಶಕದ ನಡುವಿನಿಂದ ನ್ಯೂಜಿಲೆಂಡ್‌ನಲ್ಲಿ ಫೆನೊಟೆರಾಲ್ ಎಂಬ ಔಷಧಿಯ ಜೊತೆ ಇದೇ ಕಥೆ ನಡೆಯಿತು. ಅದಕ್ಕೆ ಕಡಿವಾಣ ಹಾಕಿದ ಮೇಲೆ ಸಾವುಗಳು ಇಳಿದವು. ಆ ಔಷಧಿಗಳ ಜೋರು ಒಂದು ಕಾರಣ. ಪಂಪು ಒತ್ತಿದಾಗಲೆಲ್ಲ ಸ್ವಲ್ಪ ಹೊತ್ತು ಆರಾಮ ಸಿಗುತ್ತಿದ್ದದ್ದು ಇನ್ನೊಂದು. ಒಳಗೆ ಊತ ಏರುತ್ತಲೇ ಇತ್ತು, ಆಸ್ಪತ್ರೆಗೆ ಹೋಗುವುದು ತಡವಾಗುತ್ತಿತ್ತು.

ಅಸ್ತಮಾ ಚಿಕಿತ್ಸೆಗೆ ಜಗತ್ತಿನ ಹೆಚ್ಚಿನ ಡಾಕ್ಟರುಗಳು ನೋಡುವ ಮಾರ್ಗಸೂಚಿ ಜಿನಾ ಸಂಸ್ಥೆಯದು. ಅದು 2019ರಲ್ಲಿ ದೊಡ್ಡ ಬದಲಾವಣೆ ಮಾಡಿತು. 12 ವರ್ಷ ಮೇಲ್ಪಟ್ಟವರಿಗೆ ಸಲ್ಬುಟಮಾಲ್ ಒಂದನ್ನೇ ಕೊಡುವುದು ಬೇಡ ಎಂದಿತು. ಅದರ ಬದಲು ಬೇಗ ಆರಾಮ ಕೊಡುವ ಫಾರ್ಮೊಟೆರಾಲ್ ಮತ್ತು ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಎರಡೂ ಇರುವ ಒಂದೇ ಪಂಪನ್ನು ಬಳಸಿದರೆ, ಆರಾಮಕ್ಕಾಗಿ ಎಳೆದುಕೊಂಡಾಗಲೆಲ್ಲ ಊತದ ಔಷಧಿಯೂ ಒಳಗೆ ಹೋಗುತ್ತದೆ. ಇದಕ್ಕಿಂತ ಸರಳ ಉಪಾಯ ಕಾಣೆ. ಚಿಕ್ಕ ಮಕ್ಕಳಿಗೆ ಕ್ರಮ ಸ್ವಲ್ಪ ಬೇರೆ, ಅದನ್ನು ಮಕ್ಕಳ ಡಾಕ್ಟರೇ ನಿರ್ಧರಿಸಬೇಕು.

ನಿಮ್ಮ ಮನೆಯ ಲೆಕ್ಕ ನೀವೇ ನೋಡಬಹುದು. ಶಾಲೆಗೆ ಹೋಗುವ ಮಗುವಿಗೆ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಆರಾಮದ ಔಷಧಿ ಬೇಕಾಗುತ್ತಿದ್ದರೆ ಅಸ್ತಮಾ ಹಿಡಿತದಲ್ಲಿಲ್ಲ. ರಾತ್ರಿ ಎದ್ದು ಕೆಮ್ಮಿದರೂ, ಆಟ ಬಿಟ್ಟು ಕೂತರೂ ಹಾಗೇ. ಒಂದು ಸಲ್ಬುಟಮಾಲ್ ಪಂಪಿನಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತದೆ. ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಪಂಪು ಖಾಲಿಯಾಗುತ್ತಿದ್ದರೆ ಜೋರಾದ ಅಟ್ಯಾಕ್ ಬರುವ ಅಪಾಯ ಹೆಚ್ಚು ಎಂದು ಜಿನಾ ಎಚ್ಚರಿಸುತ್ತದೆ.

ನೆಬುಲೈಜರ್ ಮತ್ತು ಸ್ಪೇಸರ್

ನೆಬುಲೈಜರ್ ಒಂದು ಗಾಳಿ ಪಂಪು, ಅಷ್ಟೇ. ಒತ್ತಡದ ಗಾಳಿ ಕಪ್ಪಿನಲ್ಲಿರುವ ಔಷಧಿಯನ್ನು ಒಡೆದು ಮಂಜು ಮಾಡುತ್ತದೆ. ಹನಿಗಳು ಒಂದರಿಂದ ಐದು ಮೈಕ್ರಾನ್ ಗಾತ್ರದಲ್ಲಿದ್ದರೆ ಮಾತ್ರ ಸಣ್ಣ ಕೊಳವೆಗಳವರೆಗೆ ಹೋಗುತ್ತವೆ. ದೊಡ್ಡ ಹನಿ ಬಾಯಿ, ಗಂಟಲಿನಲ್ಲೇ ಕೂರುತ್ತದೆ. ಒಂದು ಸಲ್ಬುಟಮಾಲ್ ರೆಸ್ಪ್ಯೂಲ್‌ನಲ್ಲಿ ಸಾಮಾನ್ಯವಾಗಿ 2.5 ಮಿಲಿಗ್ರಾಂ, ಅಂದರೆ 2,500 ಮೈಕ್ರೋಗ್ರಾಂ ಔಷಧಿ ಇರುತ್ತದೆ. ಪಂಪಿನ ಒಂದು ಪಫ್‌ನಲ್ಲಿ ಇರುವುದು 100 ಮೈಕ್ರೋಗ್ರಾಂ. ನೆಬುಲೈಜರ್‌ಗೆ ಇಷ್ಟು ಜಾಸ್ತಿ ಯಾಕೆ ಬೇಕು? ಬಹುಪಾಲು ಗಾಳಿಗೆ ಹೋಗುತ್ತದೆ, ಕಪ್ಪಿನ ಗೋಡೆಗೆ ಅಂಟುತ್ತದೆ. ಎದೆಗೆ ಇಳಿಯುವುದು ಸಣ್ಣ ಭಾಗ ಮಾತ್ರ.

ಅದಕ್ಕೇ ಹಾಕುವ ಕ್ರಮ ಮುಖ್ಯ. ಮಗು ನೇರವಾಗಿ ಕೂತಿರಬೇಕು, ಸಣ್ಣದಾದರೆ ತೊಡೆಯ ಮೇಲೆ. ಮಾಸ್ಕ್ ಮುಖಕ್ಕೆ ಸರಿಯಾಗಿ ಅಂಟಿರಬೇಕು. ಹೆದರುತ್ತದೆ ಎಂದು ಮಾಸ್ಕನ್ನು ಮೂಗಿನಿಂದ ಒಂದೆರಡು ಇಂಚು ದೂರ ಹಿಡಿದರೆ ಬಹುತೇಕ ಔಷಧಿ ಕೋಣೆಗೆ ಹೋಗುತ್ತದೆ, ಮಗುವಿಗಲ್ಲ. ಜೋರಾಗಿ ಅಳುವ ಮಗುವಿನ ಎದೆಗೂ ಔಷಧಿ ಇಳಿಯುವುದು ಬಹಳ ಕಡಿಮೆ. ಅಳು ನಿಲ್ಲಿಸಲು ಕಥೆ ಹೇಳಿ, ಹಾಡು ಹಾಕಿ, ಏನಾದರೂ ಮಾಡಿ. ಅದೂ ಚಿಕಿತ್ಸೆಯ ಭಾಗವೇ. ಸಾಮಾನ್ಯವಾಗಿ ಹತ್ತು ನಿಮಿಷದ ಒಳಗೆ ಕಪ್ಪಿನಲ್ಲಿ ಪಟಪಟ ಸದ್ದು ಬಂದು ಮಂಜು ನಿಲ್ಲುತ್ತದೆ. ಕಾಲು ಗಂಟೆಯಾದರೂ ಮುಗಿಯದಿದ್ದರೆ ಕಪ್ಪು ಹಳೆಯದಾಗಿದೆ, ಇಲ್ಲವೇ ಫಿಲ್ಟರ್ ಧೂಳು ಹಿಡಿದಿದೆ. ಪ್ರತಿ ಸಲ ಮುಗಿದ ಮೇಲೆ ಕಪ್ಪು, ಮಾಸ್ಕ್ ತೊಳೆದು ಗಾಳಿಗೆ ಒಣಗಿಸಿ. ತೇವ ಉಳಿದ ಕಪ್ಪಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಮುಂದಿನ ಸಲ ನೇರವಾಗಿ ಎದೆಗೆ ಹೋಗುತ್ತದೆ. ಅಕ್ಕ ತಮ್ಮ ಇಬ್ಬರಿಗೂ ಒಂದೇ ಮಾಸ್ಕ್ ಬೇಡ. ಒಡೆದ ರೆಸ್ಪ್ಯೂಲ್‌ನಲ್ಲಿ ಅರ್ಧ ಉಳಿಸಿ ನಾಳೆಗೆ ಇಡುವುದೂ ಬೇಡ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ನೆಬುಲೈಜರ್ ಕಪ್ಪಿಗೆ ಡಾಕ್ಟರು ಬರೆದ ಔಷಧಿ ಬಿಟ್ಟು ಬೇರೇನನ್ನೂ ಹಾಕಬಾರದು. ನೀಲಗಿರಿ ಎಣ್ಣೆ, ತುಳಸಿ ರಸ, ಕರ್ಪೂರದ ನೀರು ಯಾವುದೂ ಬೇಡ. ಎಣ್ಣೆಯ ಹನಿ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು. ಬಿಸಿ ಹಬೆಯಿಂದ ಕಟ್ಟಿದ ಮೂಗು ಸ್ವಲ್ಪ ಬಿಡುತ್ತದೆ, ನಿಜ. ಅಸ್ತಮಾಕ್ಕೆ ಅದು ಚಿಕಿತ್ಸೆ ಅಲ್ಲ. ಕುದಿಯುವ ನೀರಿನ ಪಾತ್ರೆ ಮಗುಚಿ ಮೈ ಸುಟ್ಟುಕೊಳ್ಳುವ ಮಕ್ಕಳು ಸುಟ್ಟಗಾಯದ ವಾರ್ಡುಗಳಿಗೆ ಇವತ್ತಿಗೂ ಬರುತ್ತಾರೆ.

ಈಗ ಸ್ಪೇಸರ್ ವಿಷಯ. ಪಂಪು ಒತ್ತಿದಾಗ ಔಷಧಿ ಬಹಳ ವೇಗವಾಗಿ ಹೊರಬಂದು ಗಂಟಲಿನ ಹಿಂಬದಿಗೆ ಬಡಿಯುತ್ತದೆ. ಒತ್ತುವುದು ಮತ್ತು ಉಸಿರೆಳೆಯುವುದು ಒಂದೇ ಕ್ಷಣಕ್ಕೆ ಆಗಬೇಕು. ದೊಡ್ಡವರಿಗೇ ಇದು ಕಷ್ಟ, ಮಕ್ಕಳಿಗೆ ಆಗುವ ಮಾತಲ್ಲ. ನಡುವೆ ಒಂದು ಪ್ಲಾಸ್ಟಿಕ್ ಕೊಳವೆ ಇಟ್ಟರೆ ಔಷಧಿಯ ಮಂಜು ಅಲ್ಲಿ ನಿಧಾನ ಆಗುತ್ತದೆ. ಮಗು ಐದಾರು ಸಲ ಸಹಜವಾಗಿ ಉಸಿರಾಡಿದರೆ ಸಾಕು. ಮೂರ್ನಾಲ್ಕು ವರ್ಷದವರೆಗೆ ಮಾಸ್ಕ್ ಇರುವ ಸ್ಪೇಸರ್ ಬೇಕು. ಆಮೇಲೆ ಬಾಯಲ್ಲಿ ಇಟ್ಟುಕೊಳ್ಳುವಂಥದ್ದು.

ಸಾಧಾರಣ ಮಟ್ಟದ ಅಟ್ಯಾಕ್‌ನಲ್ಲಿ ಸ್ಪೇಸರ್ ಜೊತೆ ಪಂಪು ನೆಬುಲೈಜರ್‌ಗೆ ಸರಿಸಮ ಎಂದು ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆ ಹೇಳುತ್ತದೆ. ಸ್ಪೇಸರ್ ಬಳಸಿದ ಮಕ್ಕಳು ಎಮರ್ಜೆನ್ಸಿ ವಾರ್ಡಿನಿಂದ ಬೇಗ ಮನೆಗೆ ಹೋದರು, ಎದೆಬಡಿತದ ಏರಿಕೆಯೂ ಕಡಿಮೆ ಇತ್ತು. ಕರೆಂಟ್ ಬೇಡ, ಸದ್ದಿಲ್ಲ, ಶಾಲೆಯ ಬ್ಯಾಗಿನಲ್ಲಿ ಹಿಡಿಯುತ್ತದೆ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದೆ ಕೂರುವ ಮಲೆನಾಡಿನ ಊರುಗಳಲ್ಲಿ ಇದು ಎಷ್ಟು ದೊಡ್ಡ ಆಸರೆ ಎಂಬುದು ಅಲ್ಲಿದ್ದವರಿಗೇ ಗೊತ್ತು. ದುಡ್ಡಿನ ತೊಂದರೆ ಇರುವಲ್ಲಿ ಏನು ಮಾಡುವುದು ಎಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಹೆದರ್ ಜಾರ್ ಎಂಬ ಮಕ್ಕಳ ತಜ್ಞೆ ಮತ್ತು ಅವರ ತಂಡ ಯೋಚಿಸಿತು. ಅರ್ಧ ಲೀಟರಿನ ತಂಪು ಪಾನೀಯದ ಬಾಟಲಿಗೆ ಪಂಪಿನ ಬಾಯಿ ಕೂರುವಷ್ಟು ತೂತು ಮಾಡಿ ಪರೀಕ್ಷಿಸಿದರು. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆ ಬಾಟಲಿ ಅಂಗಡಿಯ ಸ್ಪೇಸರ್‌ನಷ್ಟೇ ಚೆನ್ನಾಗಿ ಕೆಲಸ ಮಾಡಿತು.

ಹಾಗಾದರೆ ನೆಬುಲೈಜರ್ ಬೇಡವೇ? ಬೇಕು. ತೀವ್ರ ಅಟ್ಯಾಕ್‌ನಲ್ಲಿ ಆಕ್ಸಿಜನ್ ಜೊತೆಗೆ ಕೊಡಲು, ಸ್ಪೇಸರ್ ಸುತರಾಂ ಒಪ್ಪದ ಪುಟ್ಟ ಮಕ್ಕಳಿಗೆ, ತುಂಬಾ ನಿತ್ರಾಣವಾದವರಿಗೆ ಅದು ಬೇಕೇ ಬೇಕು. ಆದರೆ 'ಮೊದಲು ಪಂಪು, ಪಂಪು ಸಾಕಾಗದೆ ಹೋದರೆ ನೆಬುಲೈಜರ್, ಅದು ಕೊನೆಯ ಹಂತ' ಎಂಬ ನಂಬಿಕೆ ಸರಿಯಲ್ಲ. ಎರಡರಲ್ಲೂ ಹೋಗುವುದು ಅದೇ ಔಷಧಿ.

ಪಂಪು ಹುಟ್ಟಿದ್ದೂ ಒಂದು ಮಗುವಿನ ಪ್ರಶ್ನೆಯಿಂದ. 1955ರಲ್ಲಿ ಅಮೆರಿಕದ ರೈಕರ್ ಎಂಬ ಔಷಧಿ ಕಂಪನಿಯ ಮುಖ್ಯಸ್ಥ ಜಾರ್ಜ್ ಮೈಸನ್ ಅವರ 13 ವರ್ಷದ ಮಗಳಿಗೆ ಅಸ್ತಮಾ ಇತ್ತು. ಕೈಯಲ್ಲಿ ರಬ್ಬರ್ ಬುಗ್ಗೆ ಒತ್ತಿ ಒತ್ತಿ ಬಳಸುವ ಗಾಜಿನ ನೆಬುಲೈಜರ್ ಅವಳದು. ಕೂದಲಿಗೆ ಹೊಡೆಯುವ ಸ್ಪ್ರೇ ಥರ ನನ್ನ ಔಷಧಿ ಯಾಕೆ ಡಬ್ಬಿಯಲ್ಲಿ ಬರುವುದಿಲ್ಲ ಎಂದು ಅವಳು ಅಪ್ಪನನ್ನು ಕೇಳಿದಳು. ಮರುವರ್ಷವೇ ಮೊದಲ ಪಂಪು ಮಾರುಕಟ್ಟೆಗೆ ಬಂತು.

ಸ್ಟೀರಾಯ್ಡ್ ಎಂಬ ಹೆದರಿಕೆ

ನನಗೂ ಚಿಕ್ಕಂದಿನಿಂದ ಅಸ್ತಮಾ ಇದೆ. 'ಪಂಪು ಹಿಡಿದರೆ ಬಿಡಲ್ಲ', 'ಚಟ ಆಗುತ್ತೆ', 'ಸ್ಟೀರಾಯ್ಡ್ ಅಂತೆ, ಮಗು ಬೆಳೆಯಲ್ಲ' ಎಂಬ ಮಾತುಗಳನ್ನು ಕೇಳುತ್ತಲೇ ಬೆಳೆದವಳು ನಾನು. ಹೇಳಿದವರೆಲ್ಲ ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ಸಿಟ್ಟಾಗದೆ ಉತ್ತರ ಕೊಡಬೇಕು ಅನ್ನಿಸುತ್ತದೆ.

ಚಟ ಆಗುವುದಿಲ್ಲ. ಸಕ್ಕರೆ ಕಾಯಿಲೆಯವರು ದಿನವೂ ಮಾತ್ರೆ ತೆಗೆದುಕೊಂಡರೆ ಚಟ ಎನ್ನುತ್ತೇವೆಯೇ? ಇಲ್ಲ ಅಲ್ವಾ? ಬೆಳವಣಿಗೆಯ ಪ್ರಶ್ನೆ ಮಾತ್ರ ನಿಜವಾದ ಪ್ರಶ್ನೆ, ಅದಕ್ಕೆ ಉತ್ತರವೂ ಇದೆ. ಅಮೆರಿಕದ ಕ್ಯಾಂಪ್ ಅಧ್ಯಯನದಲ್ಲಿ ವರ್ಷಗಟ್ಟಲೆ ಬುಡೆಸೊನೈಡ್ ಎಳೆದುಕೊಂಡ ಮಕ್ಕಳನ್ನು ದೊಡ್ಡವರಾಗುವವರೆಗೆ ಗಮನಿಸಿದರು. ಅವರ ಕೊನೆಯ ಎತ್ತರ ಉಳಿದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇತ್ತು. ಇದನ್ನು ಮುಚ್ಚಿಡುವುದು ಬೇಡ. ಹಾಗೆಯೇ ಹಿಡಿತಕ್ಕೆ ಬಾರದ ಅಸ್ತಮಾ ಕೂಡ ಬೆಳವಣಿಗೆಯನ್ನು ತಡೆಯುತ್ತದೆ. ನಿದ್ದೆ ಕೆಡುತ್ತದೆ, ಶಾಲೆ ತಪ್ಪುತ್ತದೆ.

ಪಂಪು ಬೇಡ ಎಂದು ಮಾತ್ರೆ, ಇಂಜೆಕ್ಷನ್ ಕಡೆ ಹೋಗುವವರು ಈ ಲೆಕ್ಕ ನೋಡಬೇಕು. ಇನ್ಹೇಲರ್‌ನಲ್ಲಿ ಬುಡೆಸೊನೈಡ್ ಒಂದು ಡೋಸ್ 100 ಅಥವಾ 200 ಮೈಕ್ರೋಗ್ರಾಂ. 20 ಮಿಲಿಗ್ರಾಂನ ಒಂದು ಪ್ರೆಡ್ನಿಸೊಲೋನ್ ಮಾತ್ರೆ ಎಂದರೆ 20,000 ಮೈಕ್ರೋಗ್ರಾಂ, ಅದೂ ಇಡೀ ಮೈಗೆ ಹೋಗುವಂಥದ್ದು. ಎರಡೂ ಬೇರೆ ಬೇರೆ ಔಷಧಿ, ಹಾಗಾಗಿ ತೂಕಕ್ಕೆ ತೂಕ ಹೋಲಿಸಲು ಆಗುವುದಿಲ್ಲ. ಆದರೂ ವ್ಯತ್ಯಾಸ ಎಷ್ಟು ದೊಡ್ಡದು ಎಂಬ ಅಂದಾಜು ಸಿಗುತ್ತದೆ. ಜೋರು ಅಟ್ಯಾಕ್‌ನಲ್ಲಿ ಮೂರರಿಂದ ಐದು ದಿನದ ಮಾತ್ರೆ ಜೀವ ಉಳಿಸುತ್ತದೆ. ಅದು ತಿಂಗಳು ತಿಂಗಳೂ ಬೇಕಾಗುತ್ತಿದ್ದರೆ ಹೆದರಬೇಕಾದದ್ದು ಅದಕ್ಕೆ.

ಎಳೆದುಕೊಂಡ ಸ್ಟೀರಾಯ್ಡ್ ಬಾಯಲ್ಲಿ ಉಳಿದರೆ ಬಿಳಿ ಅಗ್ರ ಬರಬಹುದು, ದನಿ ಒಡೆಯಬಹುದು. ಬಾಯಿ ಮುಕ್ಕಳಿಸಿ ಉಗುಳಿದರೆ ಸಾಕು. ಮಾಸ್ಕ್ ಹಾಕುವ ಮಗುವಾದರೆ ಮುಖವನ್ನೂ ಒರೆಸಿ. ಅಸ್ತಮಾಕ್ಕೇ ಬರೆಯುವ ಮಾಂಟೆಲುಕಾಸ್ಟ್ ಮಾತ್ರೆ ಅಥವಾ ಸಿರಪ್ ಕೊಡುತ್ತಿದ್ದರೆ ಮಗುವಿನ ನಡವಳಿಕೆ ಗಮನಿಸಿ. ಕೆಟ್ಟ ಕನಸು, ಸಿಡುಕು, ಮಂಕು ಕಂಡರೆ ಡಾಕ್ಟರಿಗೆ ತಿಳಿಸಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಬಗ್ಗೆ ತನ್ನ ಅತಿ ಗಟ್ಟಿ ಎಚ್ಚರಿಕೆ ಕೊಟ್ಟಿದೆ.

ಪ್ರತಿ ವರ್ಷ ಮೃಗಶಿರದ ಹೊತ್ತಿಗೆ ಹೈದರಾಬಾದಿಗೆ ಹೋಗಿ ಜೀವಂತ ಮೀನಿನ ಬಾಯಲ್ಲಿಟ್ಟ ಔಷಧಿ ನುಂಗುವವರಲ್ಲಿ ನಮ್ಮ ರಾಜ್ಯದವರೂ ಇದ್ದಾರೆ. ಅದು ಅಸ್ತಮಾವನ್ನು ವಾಸಿ ಮಾಡುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ. ಹೋಗುವವರ ಆಸೆ ನನಗೆ ಅರ್ಥವಾಗುತ್ತದೆ. ಹೋಗುವುದಾದರೂ ಪಂಪು ಮಾತ್ರ ನಿಲ್ಲಿಸಬೇಡಿ. ಪ್ರಾಣಾಯಾಮದ ವಿಷಯವೂ ಹೀಗೇ. ಉಸಿರಾಟದ ಅಭ್ಯಾಸದಿಂದ ಎಷ್ಟೋ ಜನರಿಗೆ ಗಾಬರಿ ಇಳಿಯುತ್ತದೆ, ದಿನ ಹಗುರ ಆಗುತ್ತದೆ. ಒಳಗಿನ ಊತವನ್ನು ಅದು ಇಳಿಸುವುದಿಲ್ಲ.

ಮನೆ, ಊರು, ಗಾಳಿ

ಬೆಂಗಳೂರಿಗೆ ಬಂದ ಮೇಲೆ ವೀಜಿಂಗ್ ಶುರುವಾಯಿತು ಎನ್ನುವ ಮನೆಗಳು ಲೆಕ್ಕವಿಲ್ಲದಷ್ಟು. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಬೆಂಗಳೂರಿನಲ್ಲಿ 20,000 ಮಕ್ಕಳನ್ನು ಒಳಗೊಂಡ ಆಸ್ಪತ್ರೆ ಆಧಾರಿತ ಅಧ್ಯಯನ ಮಾಡಿದರು. 1979ರಲ್ಲಿ ಶೇ. 9ರಷ್ಟು ಮಕ್ಕಳಲ್ಲಿದ್ದ ಅಸ್ತಮಾ 1999ರ ಹೊತ್ತಿಗೆ ಶೇ. 29.5 ಆಗಿತ್ತು. ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವಾದ್ದರಿಂದ ಇಡೀ ಊರಿನ ಪ್ರಮಾಣ ಇದೇ ಎನ್ನಲಾಗದು. ಏರಿಕೆ ಮಾತ್ರ ಕಣ್ಣಿಗೆ ರಾಚುತ್ತದೆ. ಅದು ನಗರ ಬೆಳೆದ ಪರಿಗೆ ಹೊಂದುತ್ತದೆ ಎಂದೇ ಅವರು ಬರೆದರು.

ಹಾಗೆಂದು ಹಳ್ಳಿಗೆ ಹೋದರೆ ವಾಸಿ ಎಂದೇನಿಲ್ಲ. ಮಲೆನಾಡಿನ ಮಳೆಗಾಲದ ಗೋಡೆಯ ಬೂಷ್ಟು, ಸೌದೆ ಒಲೆಯ ಹೊಗೆ, ಒಕ್ಕಣೆಯ ಧೂಳು, ಬೇಲಿಯಂಚಿನ ಪಾರ್ಥೇನಿಯಂ ಎಲ್ಲವೂ ಕೆರಳಿಸುತ್ತವೆ. ಮನೆಯೊಳಗಿನದನ್ನು ಮೊದಲು ನೋಡಿ. ಸೊಳ್ಳೆ ಬತ್ತಿಯನ್ನು ನಿಲ್ಲಿಸಿ ಪರದೆ ಕಟ್ಟಿ. ಊದುಬತ್ತಿ, ಸಾಂಬ್ರಾಣಿ, ಕರ್ಪೂರ ಹಚ್ಚುವಾಗ ಮಗು ಬೇರೆ ಕೋಣೆಯಲ್ಲಿರಲಿ. ಮೆಣಸಿನಕಾಯಿ ಒಗ್ಗರಣೆಯ ಘಾಟಿಗೂ ಅದೇ ಮಾತು. ಹಾಸಿಗೆ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಮನೆಯಲ್ಲಿ ಯಾರಾದರೂ ಬೀಡಿ, ಸಿಗರೇಟು ಸೇದುತ್ತಿದ್ದರೆ ಬೇರೆ ಎಲ್ಲ ಎಚ್ಚರಿಕೆಯೂ ಅರ್ಧ ವ್ಯರ್ಥ. ಜಗಲಿಗೆ ಹೋಗಿ ಸೇದಿದರೂ ಬಟ್ಟೆಯ ಜೊತೆ ಹೊಗೆ ಒಳಗೆ ಬರುತ್ತದೆ.

ಊಟದ ವಿಷಯದಲ್ಲಿ ನಾವು ಮಕ್ಕಳಿಗೆ ಸುಮ್ನೆ ಕಷ್ಟ ಕೊಡುತ್ತೇವೆ. ಬಾಳೆಹಣ್ಣು ಬೇಡ, ಮೊಸರು ಬೇಡ, ಸೌತೆಕಾಯಿ ಬೇಡ. ನಿರ್ದಿಷ್ಟ ಆಹಾರದ ಅಲರ್ಜಿ ಸಾಬೀತಾಗಿದ್ದರೆ ಬಿಡಬೇಕು. ಇಲ್ಲದಿದ್ದರೆ ಮೊಸರನ್ನ ತಿಂದದ್ದಕ್ಕೆ ಅಸ್ತಮಾ ಬರುವುದಿಲ್ಲ.

ತಕ್ಷಣ ಹೊರಡಬೇಕಾದ ಹೊತ್ತು

ಕೆಲವು ಲಕ್ಷಣಗಳು ಮನೆಯವರಿಗೆಲ್ಲ ಬಾಯಿಪಾಠ ಇರಬೇಕು. ಮಗು ಒಂದು ವಾಕ್ಯ ಪೂರ್ತಿ ಹೇಳಲಾಗದೆ ನಡುವೆ ಉಸಿರೆಳೆಯುತ್ತದೆ. ಪಕ್ಕೆಲುಬಿನ ಮಧ್ಯೆ, ಕತ್ತಿನ ಬುಡದಲ್ಲಿ ಚರ್ಮ ಒಳಕ್ಕೆ ಸೆಳೆಯುತ್ತದೆ. ಮೂಗಿನ ಹೊಳ್ಳೆ ಅರಳುತ್ತದೆ. ತುಟಿ, ಉಗುರು ನೀಲಿಯಾಗುತ್ತವೆ. ಮಗು ಮಂಪರಿಗೆ ಜಾರುತ್ತದೆ. ಇದರಲ್ಲಿ ಯಾವುದು ಕಂಡರೂ ಮನೆಯಲ್ಲಿ ಕಾಯುವ ಹೊತ್ತಲ್ಲ, 108ಕ್ಕೆ ಫೋನ್ ಮಾಡಿ. ಎಲ್ಲಕ್ಕಿಂತ ಅಪಾಯ ಎಂದರೆ ಜೋರಾಗಿದ್ದ ಗೂರಲು ಒಮ್ಮೆಲೇ ನಿಂತು ಮಗು ಸುಸ್ತಾಗಿ ಕಾಣುವುದು. ಸದ್ದು ನಿಂತಿತು, ಕಡಿಮೆ ಆಯಿತು ಎಂದು ಸಮಾಧಾನ ಪಡಬಾರದು. ಸದ್ದು ಮಾಡುವಷ್ಟು ಗಾಳಿಯೂ ಓಡಾಡುತ್ತಿಲ್ಲ ಎಂಬುದು ಅದರ ಅರ್ಥ.

ವಾಹನ ಬರುವವರೆಗೆ ಔಷಧಿ ಕೊಡುತ್ತಿರಬೇಕು. ಆಸ್ಟ್ರೇಲಿಯಾದಲ್ಲಿ ಶಾಲೆಯ ಟೀಚರ್‌ಗಳಿಗೂ ಕಲಿಸುವ ಒಂದು ಕ್ರಮ ನೆನಪಿಡಲು ಸುಲಭ. ಮಗುವನ್ನು ನೇರವಾಗಿ ಕೂರಿಸಿ, ಸಲ್ಬುಟಮಾಲ್ ಪಂಪನ್ನು ಸ್ಪೇಸರ್‌ಗೆ ಹಾಕಿ ಒಂದೊಂದಾಗಿ ನಾಲ್ಕು ಪಫ್ ಕೊಡಬೇಕು. ಪ್ರತಿ ಪಫ್‌ಗೆ ನಾಲ್ಕು ಉಸಿರು. ಆಮೇಲೆ ನಾಲ್ಕು ನಿಮಿಷ ಕಾಯಬೇಕು. ಸುಧಾರಿಸದಿದ್ದರೆ ಮತ್ತೆ ಅದನ್ನೇ ಮಾಡುತ್ತಿರಬೇಕು, ಆಂಬುಲೆನ್ಸ್ ಇನ್ನೂ ಕರೆದಿರದಿದ್ದರೆ ಕೂಡಲೇ ಕರೆಯಬೇಕು. ನಿಮ್ಮ ಡಾಕ್ಟರು ಬೇರೆ ಲೆಕ್ಕ ಬರೆದುಕೊಟ್ಟಿದ್ದರೆ ಅದನ್ನೇ ಪಾಲಿಸಿ, ಆ ಚೀಟಿ ಫ್ರಿಜ್ ಬಾಗಿಲಿಗೆ ಅಂಟಿಸಿರಲಿ. ಔಷಧಿ ಕೊಟ್ಟು ಆರಾಮಾದ ಮಗುವಿಗೆ ಮೂರು ನಾಲ್ಕು ಗಂಟೆಯೊಳಗೆ ಮತ್ತೆ ಬೇಕಾದರೆ ಅವತ್ತೇ ತೋರಿಸಬೇಕು. ಮನೆಯಲ್ಲಿ ರಾತ್ರಿಯಿಡೀ ಗಂಟೆಗೊಮ್ಮೆ ನೆಬುಲೈಜರ್ ಹಾಕುತ್ತಾ ಬೆಳಗಾಗಲಿ ಎಂದು ಕಾಯುವುದರಿಂದಲೇ ಜೀವಗಳು ಹೋಗಿವೆ.

ದೊಡ್ಡವರಾದಂತೆ

ಬಾಲ್ಯದಲ್ಲಿ ಅಸ್ತಮಾ ಹುಡುಗರಲ್ಲಿ ಹೆಚ್ಚು. ದೊಡ್ಡವರಲ್ಲಿ ಹೆಂಗಸರಲ್ಲಿ ಹೆಚ್ಚು. ಹದಿವಯಸ್ಸಿನಲ್ಲಿ ಬಹಳ ಮಕ್ಕಳಿಗೆ ಲಕ್ಷಣ ಮಾಯವಾಗುತ್ತದೆ. ಕೆಲವರಿಗೆ ಅದು ಶಾಶ್ವತ, ಕೆಲವರಿಗೆ ಮೂವತ್ತರ ಹೊತ್ತಿಗೆ ಮತ್ತೆ ಬರುತ್ತದೆ. ಅದೇ ವಯಸ್ಸಿನಲ್ಲಿ ಗೆಳೆಯರೆದುರು ಪಂಪು ತೆಗೆಯಲು ನಾಚಿಕೆ. ಅಮ್ಮ ನೆನಪಿಸಿದರೆ ಸಿಟ್ಟು. ಏಳೆಂಟು ವರ್ಷದಿಂದಲೇ ತನ್ನ ಪಂಪನ್ನು ತಾನೇ ತೆಗೆದುಕೊಳ್ಳಲು ಕಲಿತ ಮಗುವಿಗೆ ಈ ಘಟ್ಟ ಸ್ವಲ್ಪ ಸುಲಭ.

ಪಿಟಿ ಪೀರಿಯಡ್‌ನಲ್ಲಿ ಮೂಲೆಯಲ್ಲಿ ಕೂರಿಸುವುದು ಬೇಡ. ಹಿಡಿತದಲ್ಲಿರುವ ಅಸ್ತಮಾಕ್ಕೆ ಓಟ, ಈಜು ಎಲ್ಲವೂ ಒಳ್ಳೆಯದೇ. ಬೇಕಾದರೆ ಡಾಕ್ಟರು ಹೇಳಿದಂತೆ ಹತ್ತು ಹದಿನೈದು ನಿಮಿಷ ಮುಂಚೆ ಪಂಪು ತೆಗೆದುಕೊಂಡು, ಮೈ ಬಿಸಿ ಮಾಡಿಕೊಂಡು ಶುರು ಮಾಡಬಹುದು. ಬ್ರಿಟನ್‌ನ ಪೌಲಾ ರ‍್ಯಾಡ್‌ಕ್ಲಿಫ್‌ಗೆ ಹದಿವಯಸ್ಸಿನಿಂದ ಅಸ್ತಮಾ. 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ಅವರು ಮಹಿಳೆಯರ ವಿಶ್ವದಾಖಲೆ ಬರೆದರು. ನಟಿ ಪ್ರಿಯಾಂಕಾ ಚೋಪ್ರಾ ಕೂಡ ತನಗೆ ಅಸ್ತಮಾ ಇದೆ ಎಂದು ಬಹಿರಂಗವಾಗಿ ಹೇಳಿಕೊಂಡವರು. ಇಂಥ ಮಾತು ಬೇಕಾಗಿದೆ. ಯಾಕೆಂದರೆ ನಮ್ಮಲ್ಲಿ ಇವತ್ತಿಗೂ ಹೆಣ್ಣು ನೋಡಲು ಬರುವ ದಿನ ಪಂಪನ್ನು ಕಪಾಟಿನೊಳಗೆ ಬಚ್ಚಿಡುತ್ತಾರೆ. ಮದುವೆಯಾದ ಮೇಲೆ ಅತ್ತೆಮನೆಯಲ್ಲಿ ಕದ್ದು ಎಳೆದುಕೊಳ್ಳುವ, ಕೊನೆಗೆ ಬಿಟ್ಟೇಬಿಡುವ ಹೆಣ್ಣುಮಕ್ಕಳಿದ್ದಾರೆ. ಬಸುರಿಯಾದಾಗಲಂತೂ 'ಮಗುವಿಗೆ ಆಗಲ್ಲ' ಎಂದು ನಿಲ್ಲಿಸುವವರು ಇನ್ನೂ ಜಾಸ್ತಿ. ತಾಯಿಗೆ ಉಸಿರು ಸಾಲದಿದ್ದರೆ ಹೊಟ್ಟೆಯಲ್ಲಿರುವ ಕೂಸಿಗೂ ಆಕ್ಸಿಜನ್ ಸಾಲುವುದಿಲ್ಲ. ಇನ್ಹೇಲರ್ ನಿಲ್ಲಿಸುವುದರ ಅಪಾಯ ಮುಂದುವರಿಸುವುದಕ್ಕಿಂತ ಬಹಳ ದೊಡ್ಡದು.

ಕೆಲಸ ಆರಿಸಿಕೊಳ್ಳುವಾಗಲೂ ಯೋಚಿಸಬೇಕು. ಹಿಟ್ಟಿನ ಗಿರಣಿ, ಬೇಕರಿ, ಕಾರಿಗೆ ಬಣ್ಣ ಹೊಡೆಯುವ ಶೆಡ್, ರೇಷ್ಮೆ ನೂಲು ಬಿಚ್ಚುವ ಘಟಕ ಇಂಥ ಕಡೆ ಗಾಳಿಯಲ್ಲಿರುವ ಕಣಗಳೇ ಹೊಸದಾಗಿ ಅಸ್ತಮಾ ತರಬಲ್ಲವು. ರಾಮನಗರ, ಶಿಡ್ಲಘಟ್ಟದ ಕಡೆಯವರು ಇದನ್ನು ನೆನಪಿಡಬೇಕು. ರಜೆ ದಿನ ಆರಾಮ, ಕೆಲಸದ ದಿನ ಉಬ್ಬಸ ಎಂದಾದರೆ ಡಾಕ್ಟರಿಗೆ ಕೆಲಸದ ವಿವರವನ್ನೂ ಹೇಳಿ.

ಮುಂದಿನ ಸಲ ತೋರಿಸಲು ಹೋಗುವಾಗ ಚೀಟಿ ಮಾತ್ರ ಅಲ್ಲ, ಪಂಪು, ಸ್ಪೇಸರ್, ನೆಬುಲೈಜರ್‌ನ ಕಪ್ಪು ಎಲ್ಲವನ್ನೂ ಚೀಲಕ್ಕೆ ಹಾಕಿಕೊಳ್ಳಿ. ಡಾಕ್ಟರ ಎದುರೇ ಒಂದು ಸಲ ಎಳೆದು ತೋರಿಸಿ, ಮಗುವಿನ ಕೈಯಲ್ಲೂ ತೋರಿಸಿ. ಅಲುಗಾಡಿಸಲು ಮರೆಯುವುದು, ಒಂದೇ ಉಸಿರಿಗೆ ಎರಡು ಪಫ್ ಒತ್ತುವುದು, ಪುಡಿಯ ಇನ್ಹೇಲರನ್ನು ಮೆಲ್ಲಗೆ ಎಳೆಯುವುದು, ಸ್ಪ್ರೇ ಪಂಪನ್ನು ಜೋರಾಗಿ ಎಳೆಯುವುದು, ಸ್ಪೇಸರನ್ನು ತೊಳೆದ ಮೇಲೆ ಬಟ್ಟೆಯಿಂದ ಉಜ್ಜುವುದು ಇವೆಲ್ಲ ತುಂಬಾ ಸಾಮಾನ್ಯ. ಉಜ್ಜಿದರೆ ಪ್ಲಾಸ್ಟಿಕ್‌ನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೇ ಅಂಟುತ್ತದೆ, ಸೋಪಿನ ನೀರಲ್ಲಿ ಅದ್ದಿ ಹಾಗೇ ಒಣಗಲು ಬಿಡಬೇಕು. ಔಷಧಿ ಕೆಲಸ ಮಾಡುತ್ತಿಲ್ಲ ಎಂದು ಡೋಸ್ ಹೆಚ್ಚಿಸುವ ಮೊದಲು ಅದು ಎದೆಗೆ ತಲುಪುತ್ತಿದೆಯೇ ಎಂದು ನೋಡಲು ಕೇಳಿಕೊಳ್ಳಿ. ಅದಕ್ಕೆ ಐದು ನಿಮಿಷ ಸಾಕು.